‘ಬಿಡಿ’ ಎಂಬ ಬಹುವಚನ

“ಇನ್ನು ಮುಂದೆ ಈ ಮನೆಗೆ ಅಂಗಡಿಯಿಂದ ಒಂದೇ ಒಂದು ಅಲಂಕಾರದ ವಸ್ತುವೂ ಬರಕೂಡದು! ಬೇಕಾದದ್ದನ್ನೆಲ್ಲ ನಾನೇ ಕೈಯಾರೆ ಮಾಡ್ತೀನಿ!”

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ವ್ಯಾಕರಣದಮ್ಮ ಹೀಗೆ ಘೋಷಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಜಮಾನರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಮಗಳು ಮೊಬೈಲಿನಿಂದ ಕಣ್ಣು ಕೀಳಲಿಲ್ಲ. ಒಂಬತ್ತು ವರ್ಷದ ಮೊಮ್ಮಗಳು ಮಾತ್ರ, “ಅಜ್ಜೀ, ನಿಂಗೆ ಕೈಕೆಲಸ ಬರುತ್ತಾ?” ಎಂದು ಕೇಳಿದಳು.

ಬರದೇ ಏನು! ಕಾಲೇಜಿನಲ್ಲಿ ಮೂವತ್ತಾರು ವರ್ಷ ವ್ಯಾಕರಣ ಕಲಿಸಿದ ಕೈ. ಎಂತೆಂಥ ಸಂಧಿ ಬಿಡಿಸಿದ ಕೈ, ಎಂತೆಂಥ ಸಮಾಸ ಒಡೆದ ಕೈ. ಅದಕ್ಕೆ ನೂಲು, ಬಣ್ಣ, ಕಾಗದ ಯಾವ ಮೂಲೆಗೆ?

ನಿಜ ಹೇಳಬೇಕೆಂದರೆ ಈ ಹುಮ್ಮಸ್ಸು ಅವರದ್ದಲ್ಲ, ಮಗಳದ್ದು. ಮಗಳು ಫಿಸಿಯೋಥೆರಪಿಸ್ಟ್, ಊರವರ ಮೊಣಕಾಲು ಬಗ್ಗಿಸಿ ಬಗ್ಗಿಸಿ, ಸಂಜೆ ಮನೆಗೆ ಬಂದರೆ ತಾಯಿಯನ್ನೂ ಬಗ್ಗಿಸಲು ನೋಡುವವಳು. “ಅಮ್ಮಾ, ರಿಟೈರ್ ಆದ್ಮೇಲೆ ನೀನು ಎಲ್ಲರ ಮಾತನ್ನೂ ತಿದ್ದೋಕೆ ಶುರು ಮಾಡಿದೀಯ. ಹಾಲಿನವನು ಬಾಗಿಲಲ್ಲಿ ಪಾಕೆಟ್ ಎಸೆದು ಓಡ್ತಾನೆ. ಕೈಗೆ ಏನಾದ್ರೂ ಕೆಲಸ ಕೊಡು. ನಿನ್ನ ಬಾಯಿಗೆ ರಜೆ ಸಿಗಲಿ, ನಮ್ಮ ಕಿವಿಗೂ ಸಿಗಲಿ” ಎಂದಿದ್ದಳು.

ಮೊದಲ ವಾರ ಹೆಣಿಗೆ. ಮೊಮ್ಮಗಳಿಗೆಂದು ಶುರುವಾದ ಟೋಪಿ ಬೆಳೆಯುತ್ತ ಬೆಳೆಯುತ್ತ ಕೊನೆಗೆ ಬಚ್ಚಲಿನ ಬಕೆಟ್ಟಿಗೆ ಸರಿಹೋಯಿತು. ಎರಡನೆಯ ವಾರ ಬಣ್ಣ. ಮೇಜಿನ ಬಟ್ಟೆಯ ಮೇಲೆ ಹೂವು ಬಿಡಿಸಿ, “ನೋಡಿ, ಇದು ಕಲೆ!” ಎಂದು ಎತ್ತಿ ಹಿಡಿದರು.

“ಗೊತ್ತಾಯ್ತು ಅಮ್ಮ. ಮೂರು ಸಲ ಒಗೆದೆ, ಹೋಗ್ತಾ ಇಲ್ಲ” ಎಂದಳು ಮಗಳು.

ವ್ಯಾಕರಣದಮ್ಮನಿಗೆ ಆಗಲೇ ಸಾಕಾಗಿತ್ತು. ಸೊಂಟ ಹಿಡಿದಿತ್ತು, ಬೆರಳ ಸಂದಿಯಲ್ಲಿ ನೀಲಿ ಬಣ್ಣ ಕೂತಿತ್ತು. ಆದರೆ ಮನೆಮಂದಿಯ ಮುಂದೆ ಆಡಿದ ಮಾತನ್ನು ನುಂಗುವುದು ಹೇಗೆ? ಮೂರನೆಯ ವಾರ ಕಾಗದಕ್ಕೆ ಕೈ ಹಾಕಿದರು. ಕಾಗದಕ್ಕೇನು ಬರ! ಯಜಮಾನರು ಪುಸ್ತಕಗಳಿಗೆ ರಟ್ಟು ಕಟ್ಟುವವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಗೋಡೆಯುದ್ದಕ್ಕೂ ರಟ್ಟಿನ ಹಲಗೆಗಳು, ಕಿಟಕಿಯ ಪಕ್ಕ ಹಿಡಿ ತಿರುಗಿಸಿ ಬಿಗಿಯುವ ಕಬ್ಬಿಣದ ಪ್ರೆಸ್ಸು, ಮೇಜಿನ ಮೇಲೆ ದಬ್ಬಳ, ದಾರ, ಮೈದಾ ಅಂಟಿನ ಪಾತ್ರೆ. ನಲವತ್ತು ವರ್ಷಗಳಲ್ಲಿ ಯಾರದೇ ಪುಸ್ತಕದ ಒಂದು ಹಾಳೆಯನ್ನೂ ಕಳೆದವರಲ್ಲ. ಅವರ ಇಡೀ ಬಾಳಿನ ಜಂಬ ಅದೊಂದೇ.

ಶನಿವಾರ ಮಧ್ಯಾಹ್ನ ಅವರು ದಾರ ತರಲು ಹೋಗಿದ್ದಾಗ ಅಜ್ಜಿ ಮೊಮ್ಮಗಳು ಕೋಣೆಗೆ ನುಗ್ಗಿದರು. ಮೇಜಿನ ಮೂಲೆಯಲ್ಲಿ ಹನ್ನೆರಡು ಹಾಳೆಗಳ ಸಣ್ಣ ಕಟ್ಟು. ಒಂದೇ ಮಗ್ಗುಲಲ್ಲಿ ಬರಹ, ಅಂಚುಗಳು ಹರಿದಿವೆ. ಮೇಲೊಂದು ಚೀಟಿ: ‘ಬಿಡಿ’.

“ಬಿಡಿ ಹಾಳೆಗಳು” ಎಂದು ಅಜ್ಜಿ ವಿವರಿಸಿದರು. “ಅಂದರೆ ಯಾವ ಪುಸ್ತಕಕ್ಕೂ ಸೇರದವು.”

“ಏನೋ ಬರೆದಿದೆ ಅಜ್ಜಿ.”

ಅಜ್ಜಿ ಕನ್ನಡಕ ಏರಿಸಿ ಮೊದಲ ಸಾಲು ನೋಡಿದರು. ‘ವಿಶೇಷ’ ಎಂದಿರಬೇಕಾದಲ್ಲಿ ‘ವಿಷೇಶ’ ಎಂದಿತ್ತು. ಎರಡನೆಯ ಸಾಲು ಓದುವ ಅಗತ್ಯ ಅವರಿಗೆ ಕಾಣಲಿಲ್ಲ. “ರದ್ದಿ!” ಎಂದು ತೀರ್ಪು ಕೊಟ್ಟರು.

ಆಮೇಲಿನ ಎರಡು ಗಂಟೆ ಆ ಮನೆಯ ಚರಿತ್ರೆಯಲ್ಲೇ ಅಪರೂಪದ್ದು. ಅಜ್ಜಿ ಯಾರನ್ನೂ ತಿದ್ದಲಿಲ್ಲ. ಮೊಮ್ಮಗಳು ಟಿ.ವಿ. ಕೇಳಲಿಲ್ಲ. ಇಬ್ಬರ ಮೂಗಿನ ಮೇಲೂ ಅಂಟು. ಕತ್ತರಿ ಸಿಗದಿದ್ದರಿಂದ ಬರೀ ಮಡಚಿ, ಅಂಟಿಸಿ, ಐದು ಹಾಳೆಯಲ್ಲಿ ದೀಪಕ್ಕೆ ನೆರಿಗೆ ನೆರಿಗೆಯ ಮುಸುಕು ಮಾಡಿದರು. ನಾಲ್ಕರಲ್ಲಿ ಮಗಳ ಕ್ಲಿನಿಕ್ಕಿಗೆ ಮುಚ್ಚಳದ ಪೆಟ್ಟಿಗೆ, ಎರಡರಲ್ಲಿ ಪೆನ್ಸಿಲ್ ನಿಲ್ಲಿಸುವ ಕೊಳವೆ. ಉಳಿದ ಒಂದರಲ್ಲಿ ಅರಳಿದ ಹೂವು. ಅದನ್ನು ಪಕ್ಕದ ಮನೆಯ ನರ್ಸಮ್ಮನಿಗೆ ಕಾಣಿಕೆ ಕೊಟ್ಟದ್ದೂ ಆಯಿತು. ಆ ರಾತ್ರಿ ವ್ಯಾಕರಣದಮ್ಮ ಸೊಂಟನೋವಿನಲ್ಲೂ ನಗುತ್ತ ಮಲಗಿದರು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮುಂದಿನ ಕೋಣೆಯಿಂದ ಕೂಗು ಬಂತು.

“ಏನೇ! ಇಲ್ಲಿಟ್ಟಿದ್ದ ಹಾಳೆ ಎಲ್ಲಿ?”

“ಯಾವ ಹಾಳೆ?”

“ದನದ ಡಾಕ್ಟರ ಆತ್ಮಕತೆದು. ಹನ್ನೆರಡು ಹಾಳೆ, ಅಂಚಿಗೆ ತೇಪೆ ಹಾಕೋಕೆ ಅಂತ ಬೇರೆ ತೆಗೆದಿಟ್ಟಿದ್ದೆ. ಬೇರೆ ಪ್ರತಿ ಇಲ್ಲ ಕಣೇ! ಎಂಬತ್ತೊಂದು ವರ್ಷದ ಮನುಷ್ಯ, ನಡುಗೋ ಕೈಯಲ್ಲಿ ಮೂರು ವರ್ಷ ಕೂತು ಬರೆದಿದಾರೆ. ನಾಲ್ಕು ಗಂಟೆಗೆ ಬರ್ತಾರೆ!”

ವ್ಯಾಕರಣದಮ್ಮನ ಕಣ್ಣು ತಾನಾಗಿಯೇ ದೀಪದ ಕಡೆ ಹೋಯಿತು. ಹಾಳೆ ಹುಡುಕುತ್ತ ಒಳಗೆ ಬಂದ ಯಜಮಾನರ ಕಣ್ಣು ಅದರ ಹಿಂದೆಯೇ ಹೋಯಿತು. ರಟ್ಟಿನವರ ಮನೆಯಲ್ಲಿ ಗುಟ್ಟು ರಟ್ಟಾಗಲು ಎಷ್ಟು ಹೊತ್ತು ಬೇಕು?

“ಬಿಡಿ ಅಂತ ಚೀಟಿ ಅಂಟಿಸಿದ್ದೆನಲ್ಲೇ!”

“ಅದಕ್ಕೇ ತಗೊಂಡೆ. ಬಿಡಿ ಹಾಳೆ ಅಂತ.”

“ಬಿಡಿ ಅಂದ್ರೆ ಬಿಟ್ಟುಬಿಡಿ, ಮುಟ್ಟಬೇಡಿ ಅಂತ!”

“ನಲವತ್ತು ವರ್ಷದಲ್ಲಿ ಒಂದು ದಿನವಾದ್ರೂ ನನ್ನ ಬಹುವಚನದಲ್ಲಿ ಮಾತಾಡಿಸಿದೀರಾ? ‘ಬಾ’ ಅಂದಿದೀರಿ, ‘ಹೋಗು’ ಅಂದಿದೀರಿ. ‘ಬಿಡು’ ಅಂತ ಬರೆದಿದ್ರೆ ಬಿಡ್ತಿದ್ದೆ. ‘ಬಿಡಿ’ ಅಂದ್ರೆ ನಾನು ಯಾಕೆ ನನಗೇ ಹೇಳಿದ್ದು ಅಂದ್ಕೊಳ್ಳಲಿ?”

“ಮನೆಯವರಿಗೆಲ್ಲ ಬರೆದದ್ದು! ನೀನು, ಮಗಳು, ಮೊಮ್ಮಗಳು. ಮೂರು ಜನ. ಬಹುವಚನ!”

ಮೂವತ್ತಾರು ವರ್ಷ ವಚನ ಕಲಿಸಿದವರಿಗೆ ರಟ್ಟು ಕಟ್ಟುವವರು ವಚನ ಕಲಿಸಿದ್ದರು.

ಚೇತರಿಸಿಕೊಳ್ಳಲು ಸಮಯವಿರಲಿಲ್ಲ. ದೀಪ ಬೋಳಾಯಿತು. ಪೆನ್ಸಿಲ್ ಕೊಳವೆಗಳು ಬಿಚ್ಚಿಕೊಂಡವು. ಮಗಳಿಗೆ ಫೋನು ಹೋಯಿತು.

“ಪೆಟ್ಟಿಗೆ ಈಗಲೇ ಬೇಕಾ? ಅದರಲ್ಲಿ ಒಬ್ಬರು ತಾತ ಹಲ್ಲಿನ ಸೆಟ್ ಇಟ್ಟು ವ್ಯಾಯಾಮ ಮಾಡ್ತಿದಾರೆ ಅಮ್ಮ!”

“ಹಲ್ಲು ಬಾಯಿಗೆ ಹಾಕಿಸು. ಪೆಟ್ಟಿಗೆ ಆಟೋದಲ್ಲಿ ಕಳಿಸು!”

ಯಜಮಾನರು ಕುದಿಯುವ ನೀರಿನ ಹಬೆಯ ಮೇಲೆ ಒಂದೊಂದೇ ಹಾಳೆ ಹಿಡಿದು ಅಂಟು ಬಿಡಿಸಿದರು, ಇಸ್ತ್ರಿ ಹಾಕಿದರು, ಪ್ರೆಸ್ಸಿನಲ್ಲಿ ಬಿಗಿದರು. ಹನ್ನೊಂದು ಹಾಳೆಗಳು ನೆರಿಗೆ ಗುರುತಿನೊಂದಿಗೆ ಮರಳಿ ಬಂದವು. ಬಾರದೆ ಉಳಿದದ್ದು ಎಂಬತ್ತೇಳನೆಯ ಪುಟ. ವ್ಯಾಕರಣದಮ್ಮ ಪಕ್ಕದ ಮನೆಗೆ ಓಡಿದರು.

“ಹೂವಾ? ಅಯ್ಯೋ ಅಕ್ಕ, ಹೇಗೆ ಹೇಳಲಿ? ಆವತ್ತೇ ನಮ್ಮ ನಾಯಿ ತಿಂದುಬಿಡ್ತು. ಮೈದಾ ಅಂಟಿತ್ತಲ್ಲ, ರುಚಿಯಾಗಿತ್ತೇನೋ, ಒಂದು ಎಸಳೂ ಬಿಟ್ಟಿಲ್ಲ” ಎಂದು ನರ್ಸಮ್ಮ ಕೈ ಹಿಸುಕಿಕೊಂಡರು. ನಾಯಿ ಬಾಲ ಅಲ್ಲಾಡಿಸಿತು. ದನದ ಡಾಕ್ಟರು ಬರೆದದ್ದು ನೇರವಾಗಿ ರೋಗಿಯ ಹೊಟ್ಟೆಯನ್ನೇ ಸೇರಿತ್ತು!

ಯಜಮಾನರು ಸ್ಟೂಲಿನ ಮೇಲೆ ಕುಸಿದರು. “ಮುಗೀತು. ನಿಜ ಹೇಳಿ, ಕ್ಷಮೆ ಕೇಳಿ, ಇವತ್ತಿಗೆ ಅಂಗಡಿ ಮುಚ್ತೀನಿ. ನಲವತ್ತು ವರ್ಷ ಉಳಿಸಿಕೊಂಡ ಮಾತು, ನಾಯಿ ಪಾಲಾಯ್ತು.”

ಆ ಮುಖವನ್ನು ನೋಡಲಾರದೆ ವ್ಯಾಕರಣದಮ್ಮ ಹಿಂದುಮುಂದಿನ ಪುಟಗಳನ್ನು ಎತ್ತಿಕೊಂಡರು. ಎಂಬತ್ತಾರರ ಕೊನೆ ಹೀಗಿತ್ತು: ‘ಕುದುರೆಯ ಬಾಯಿಗೆ ಮೊಣಕೈವರೆಗೂ ಕೈ ಹಾಕಿದೆ. ಆಗ’. ಎಂಬತ್ತೆಂಟರ ಆರಂಭ: ‘ಅಂದಿನಿಂದ ನಾನು ಕೈಗಡಿಯಾರ ಕಟ್ಟುವುದನ್ನೇ ಬಿಟ್ಟೆ.’

“ಒಂದೇ ಪುಟ ತಾನೇ? ನಾನು ಬರೀತೀನಿ.”

“ಇನ್ನೊಬ್ಬರ ಜೀವನಾನ ನೀನು ಬರೀತೀಯಾ?”

“ಇನ್ನೊಬ್ಬರ ಪ್ರಬಂಧ ತಿದ್ದಿ ತಿದ್ದಿ ನಾನೇ ಬರೆದ ಹಾಗೆ ಮಾಡಿದೀನಿ ಕಣ್ರೀ. ಕಾಗದ ಕೊಡಿ!”

ಎರಡು ಗಂಟೆ ಬರೆದರು. ಅಕ್ಷರ ನಡುಗಿಸಲು ಶ್ರಮ ಬೇಕಾಗಲಿಲ್ಲ. ಕೈ ತಾನಾಗಿಯೇ ನಡುಗುತ್ತಿತ್ತು. ಕಷ್ಟವಾದದ್ದು ಬೇಕೆಂದೇ ‘ವಿಷೇಶ’ ಎಂದು ಬರೆಯುವಾಗ. ಕಣ್ಣು ಮುಚ್ಚಿಕೊಂಡು ಬರೆದರು. ಉಳಿದದ್ದೆಲ್ಲ ಧಾರೆಯಾಗಿ ಹರಿಯಿತು: ‘ಓ ಕಾಲವೇ! ನೀನು ಮಣಿಕಟ್ಟಿಗೆ ಬಿಗಿದ ಬಂಧನವೇ, ಬಂಧನಕ್ಕೆ ಬಿಗಿದ ಮಣಿಕಟ್ಟೇ?’ ಹೀಗೆ ಶುರುವಾಗಿ, ಕುದುರೆಯ ಬಿಸಿಯುಸಿರಿನಲ್ಲಿ ಡಾಕ್ಟರಿಗೆ ಕಾಲದ ಕ್ಷಣಿಕತೆ ಹೊಳೆದು, ಅವರು ಗಡಿಯಾರವನ್ನು ಬಿಚ್ಚಿ ನದಿಗೆ ಎಸೆಯುವಲ್ಲಿ ಪುಟ ಮುಗಿಯಿತು. ವ್ಯಾಕರಣದಮ್ಮ ಮತ್ತೊಮ್ಮೆ ಓದಿಕೊಂಡರು. ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ತಾನೇಕೆ ಬರೆಯಲಿಲ್ಲ!

ನಾಲ್ಕಕ್ಕೆ ಸರಿಯಾಗಿ ಡಾಕ್ಟರು ಬಂದರು. ಕೋಲು ಮೂಲೆಗೆ ಒರಗಿಸಿ, ಹೊಲಿಯಲು ಸಿದ್ಧವಾಗಿದ್ದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ತಿರುವಿದರು. ನೆರಿಗೆ ಗುರುತುಗಳ ಮೇಲೆ ಬೆರಳಾಡಿಸಿದರೂ ಏನೂ ಕೇಳಲಿಲ್ಲ. ಯಜಮಾನರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಎಂಬತ್ತೇಳರಲ್ಲಿ ಡಾಕ್ಟರ ಬೆರಳು ನಿಂತಿತು. ತುಟಿ ಅಲುಗಿಸುತ್ತ ಓದಿದರು. ಹುಬ್ಬು ಗಂಟಿಕ್ಕಿತು.

“ಥೂ! ಇದೇನು ಬರೆದಿದೀನಿ ನಾನು?”

ಡಾಕ್ಟರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಓ ಕಾಲವೇ ಅಂತೆ! ಗಡಿಯಾರ ನದಿಗೆ ಎಸೆದೆನಂತೆ! ಯಾವ ನದಿ? ಕುದುರೆ ಬಾಯಿಗೆ ಕೈ ಹಾಕಿದೆ, ಗಡಿಯಾರ ಕಳಚಿ ಒಳಗೆ ಹೋಯ್ತು. ಮೂರು ದಿನ ಲದ್ದಿ ಕೆದಕಿದೆ. ಸಿಕ್ತು, ಓಡ್ತಾನೂ ಇತ್ತು. ಆದ್ರೆ ಕಟ್ಕೊಳ್ಳೋಕೆ ಮನಸ್ಸು ಬರಲಿಲ್ಲ. ನಾಲ್ಕು ಸಾಲಿನ ವಿಷಯ! ಆ ತಿಂಗಳು ಜ್ವರ ಬಂದು ತಲೆ ಕೆಟ್ಟಿತ್ತು, ಆಗ ಗೀಚಿರಬೇಕು.”

ಜೇಬಿನಿಂದ ಪೆನ್ನು ತೆಗೆದು ಎಂಬತ್ತಾರನೆಯ ಪುಟದ ಕೆಳಗೆ ಆ ನಾಲ್ಕು ಸಾಲನ್ನು ನಡುಗುವ ಕೈಯಲ್ಲಿ ಬರೆದರು. ಎಂಬತ್ತೇಳನ್ನು ಎಳೆದು ಹೊರಗೆ ಹಾಕಿದರು. ಪುಸ್ತಕ ಪೂರ್ತಿಯಾಯಿತು. ಯಜಮಾನರ ಮುಖಕ್ಕೆ ರಕ್ತ ಮರಳಿತು.

ಡಾಕ್ಟರು ಆ ಹಾಳೆಯನ್ನು ವ್ಯಾಕರಣದಮ್ಮನ ಕಡೆ ಚಾಚಿದರು. “ಮೇಡಂ, ನೀವು ಓದಿದೋರು, ನೀವೇ ಹೇಳಿ. ಪರೀಕ್ಷೆಯಲ್ಲಿ ಇಂಥದ್ದು ಬರೆದಿದ್ರೆ ಹತ್ತಕ್ಕೆ ಎಷ್ಟು ಕೊಡ್ತಿದ್ರಿ?”

ವ್ಯಾಕರಣದಮ್ಮ ಹಾಳೆಯನ್ನು ನೋಡಿದರು. “ಆರು... ಕೊಡಬಹುದಿತ್ತು.”

“ದಾಕ್ಷಿಣ್ಯ ಬೇಡ ಮೇಡಂ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ.”

“ನಾಲ್ಕು.”

ಯಜಮಾನರು ದಬ್ಬಳಕ್ಕೆ ದಾರ ಪೋಣಿಸುತ್ತಿದ್ದರು. ತಲೆಯನ್ನೂ ಎತ್ತದೆ ಹೇಳಿದರು: “ಎರಡು ಸಾಕು. ಅದೂ ನಡುಗೋ ಕೈಯಲ್ಲಿ ಬರೆದದ್ದು ಅಂತ.”