ಕಡ ತಂದ ಮರ್ಯಾದೆ

ಲಫಾಯೆಲೆಯ ದೋಣಿಯ ಮೋಟರು ಕೆಟ್ಟು ಕೂತದ್ದೇ ಎಲ್ಲಕ್ಕೂ ಮೂಲ. ಮೋಟರಿಲ್ಲದೆ ದೋಣಿ ಹವಳದ ದಿಬ್ಬ ದಾಟದು, ದಿಬ್ಬ ದಾಟದೆ ಮೀನು ಸಿಗದು, ಮೀನಿಲ್ಲದೆ ಮಕ್ಕಳೊಂದಿಗನ ಸಂಸಾರ ನಡೆಯದು. ಆ ಮನೆಯಲ್ಲಿ ಮೂರು ಹೊತ್ತೂ ಕೆಸುವಿನ ಗಡ್ಡೆ ಬೇಯುತ್ತಿತ್ತು. ಮಕ್ಕಳು ಅದನ್ನು ಕಂಡರೆ ಅಳಲು ಶುರುಮಾಡಿದ್ದವು. ಕೊನೆಗೆ ಹೆಂಡತಿ ಸುಲಿಯಾಳ ಕಾಟ ತಾಳಲಾರದೆ ಅವನು ಚರ್ಚಿನ ನೆರವಿನ ಬಳಗದವರ ಕಿವಿಗೆ ಗುಟ್ಟಾಗಿ ವಿಷಯ ಹಾಕಿದ್ದ.

ಶನಿವಾರ ಬೆಳಗ್ಗೆ ಬಳಗದ ಹಿರಿಯರಾದ ಅಲೊಯಿಸಿಯೊ ಮೇಷ್ಟ್ರ ಫೋನು ಬಂತು.

"ಮಧ್ಯಾಹ್ನ ನಾನೂ ಮಟಲೇನಮ್ಮನೂ ಬರ್ತೀವಪ್ಪ. ಸುಮ್ನೆ ಮನೆ ಪರಿಸ್ಥಿತಿ ನೋಡ್ಕೊಂಡು ಹೋಗೋದು. ನಾವು ಹೂಂ ಅಂದ್ರೆ ಸಾಕು, ಸೋಮವಾರಾನೇ ಮೆಕ್ಯಾನಿಕ್ ಬಂದು ಮೋಟರು ರಿಪೇರಿ ಮಾಡ್ತಾನೆ, ಖರ್ಚೆಲ್ಲ ಚರ್ಚಿಂದು. ನೀನೇನೂ ತಲೆ ಕೆಡಿಸ್ಕೋಬೇಡ."

ಲಫಾಯೆಲೆ ಆ ಕ್ಷಣದಿಂದಲೇ ತಲೆ ಕೆಡಿಸಿಕೊಂಡ.

"ಸುಲಿಯಾ, ದೊಡ್ಡವರು ಬರ್ತಿದ್ದಾರೆ ಕಣೇ!"

"ಬರ್ಲಿ. ಬಡತನ ನೋಡೋಕೆ ತಾನೆ? ಬೇಕಾದಷ್ಟಿದೆ, ತೋರ್ಸೋಣ."

"ಬಂದವ್ರನ್ನ ಬರಿಗೈಲಿ ಕಳ್ಸೋಕಾಗುತ್ತಾ? ಊಟ ಹಾಕ್ಬೇಡ್ವಾ? ಹೊರಡೋವಾಗ ಚಾಪೆ ಕೊಡ್ಬೇಡ್ವಾ? ನಮ್ಮಪ್ಪ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಹೊಡೀತಾನೆ."

ಅಪ್ಪನ ಗೋರಿ ಅಂಗಳದಲ್ಲೇ ಇತ್ತು. ಎದ್ದು ಬರಲು ಮುದುಕನಿಗೆ ಹೆಚ್ಚು ದೂರವಿರಲಿಲ್ಲ. ಸುಲಿಯಾ ಒಪ್ಪಲೇಬೇಕಾಯಿತು. ಅವರಿದ್ದ ಸವಾಯಿ ದ್ವೀಪದಲ್ಲಿ ಹಸಿದು ಸತ್ತವರುಂಟೋ ಇಲ್ಲವೋ, ಗೌರವಸ್ಥ ಅತಿಥಿಯನ್ನು ನಯವಾದ ನೇಯ್ಗೆಯ ಚಾಪೆಯಿಲ್ಲದೆ ಕಳಿಸಿ ತಲೆಯೆತ್ತಿ ಓಡಾಡಿದವರಂತೂ ಇಲ್ಲ. ಇವರ ಮನೆಯ ಚಾಪೆಗಳೆಲ್ಲ ಅದೇ ಅಪ್ಪನ ಸಾವಿಗೆ ಬಂದವರಿಗೆ ಕೊಟ್ಟು ಖರ್ಚಾಗಿದ್ದವು.

ಉಳಿದ ದಾರಿ ಒಂದೇ, ಪಕ್ಕದ ಮನೆಯ ಫಿಲೊಮೇನ. ಮೊದಲು ಅಂಗಡಿ ನಡೆಸುತ್ತಿದ್ದ ವಿಧವೆ. ಮನಸ್ಸು ಒಳ್ಳೆಯದೇ, ಆದರೆ ಬಾಯಿ! ಅವಳ ಕಿವಿಗೆ ಬಿದ್ದ ಸುದ್ದಿ ಸಂಜೆಯ ಪ್ರಾರ್ಥನೆಯೊಳಗೆ ಊರ ಕೊನೆಯ ಮನೆ ಮುಟ್ಟುತ್ತಿತ್ತು. ಚರ್ಚಿನ ಮುಂದೆ ಕೈಯೊಡ್ಡಿದ್ದು ಅವಳಿಗೆ ಗೊತ್ತಾದರೆ ತಾನು ಸಮುದ್ರಕ್ಕೆ ಹಾರುವುದೇ ಸೈ ಎಂದುಕೊಂಡು ಲಫಾಯೆಲೆ ಸುಳ್ಳು ಹೇಳಿದ.

"ಮೇಷ್ಟ್ರು, ಮಟಲೇನಮ್ಮ ಸುಮ್ನೆ ಕುಶಲ ವಿಚಾರಿಸೋಕೆ ಬರ್ತಾರಂತೆ ಅಕ್ಕಾ. ಅದಕ್ಕೇ ಒಂದು ಚಾಪೆ..."

ಫಿಲೊಮೇನಳ ಮುಖ ಒಂದು ಗಳಿಗೆ ಬಿಳುಚಿಕೊಂಡಿತು. "ಮೇಷ್ಟ್ರಾ? ಇವತ್ತಾ? ನಿಮ್ಮನೇಗಾ?"

"ಹೂಂ, ಯಾಕೆ?"

"ಯಾಕೂ ಇಲ್ಲಪ್ಪ, ಕೇಳ್ದೆ." ಅವಳು ದಡಬಡನೆ ಪೆಟ್ಟಿಗೆ ತೆರೆದು ತನ್ನ ತಾಯಿ ನೇಯ್ದ ಚಾಪೆ ತೆಗೆದಳು. ಅದರ ಮೇಲೆ ಒಂದು ಪೆಟ್ಟಿಗೆ ಮಾಂಸದ ಡಬ್ಬಿ ಇಟ್ಟಳು, ಹಿತ್ತಿಲಿಗೆ ಹೋಗಿ ಕೋಳಿಯನ್ನೂ ಹಿಡಿದು ತಂದಳು. "ತಗೋ. ನಾನಿರೋವಾಗ ನಿನ್ನ ಮರ್ಯಾದೆ ಹೋಗೋಕೆ ಬಿಡ್ತೀನಾ? ಆದ್ರೆ ಒಂದೊಂದೂ ವಾಪಸ್ ಬರ್ಬೇಕು ನೋಡು. ಆಮೇಲೆ, ಬಡಿಸೋಕೂ ನಾನೇ ಬರ್ತೀನಿ."

"ಅಯ್ಯೋ, ನಿನಗ್ಯಾಕಕ್ಕ ತೊಂದ್ರೆ?"

"ತೊಂದ್ರೆ ಎಂಥದ್ದು, ನೆರೆಹೊರೆ ಅಂದ್ಮೇಲೆ!"

ಮಧ್ಯಾಹ್ನ ಪಿಕಪ್ಪು ಬಂತು. ಗೋಡೆಯಿಲ್ಲದ ಮನೆ, ಬರೀ ಕಂಬ, ಮೇಲೊಂದು ಸೂರು. ದಾರಿಯಲ್ಲಿ ಹೋಗುವವರೆಲ್ಲ ಒಳಗೆ ಕಣ್ಣು ಹಾಯಿಸುತ್ತಿದ್ದರು. ಮೇಷ್ಟ್ರೂ ಮಟಲೇನಮ್ಮನೂ ಕಾಲು ಮಡಿಚಿ ಕೂತರು. ಅವರ ಮುಂದೆ ಬೇಯಿಸಿದ ಕೋಳಿ, ತೆಂಗಿನ ಹಾಲಿನಲ್ಲಿ ಬೆಂದ ಸೊಪ್ಪು, ಬಿಸಿ ಕೋಕೊ ಒಂದರ ಹಿಂದೊಂದು ಬಂದವು. ಮಟಲೇನಮ್ಮ ಮೇಷ್ಟ್ರ ಕಿವಿಗೆ ಬಾಗಿದರು.

"ನಾವು ಸರಿಯಾದ ಮನೆಗೇ ಬಂದಿದೀವಾ?"

ಆ ಪಿಸುಮಾತು ಕೇಳಿ ಲಫಾಯೆಲೆಗೆ ಕೋಳಿಯನ್ನು ಎಳೆದುಕೊಂಡು ಅಡಗಿಸಿಡೋಣವೆನ್ನಿಸಿತು. ಅಷ್ಟರಲ್ಲಿ ಮೇಷ್ಟ್ರು ಕೆಮ್ಮಿ, "ಏನಪ್ಪ, ದೋಣಿ ಹೇಗಿದೆ?" ಎಂದರು.

ದೇವರೇ ಬಾಯಿ ಬಿಟ್ಟು ಕೇಳಿದಂತಾಯಿತು. "ದೋಣಿ ವಿಷ್ಯ ಏನು ಹೇಳ್ಲಿ ಮೇಷ್ಟ್ರೇ..."

"ಹೇಳೋಕೇನಿದೆ!" ಕೋಕೊ ಬಗ್ಗಿಸುತ್ತಿದ್ದ ಫಿಲೊಮೇನ ನಡುವೆ ಬಾಯಿ ಹಾಕಿದಳು. "ಇವ್ನು ನೀರಿಗಿಳಿದ್ರೆ ಮೀನೇ ದೋಣಿಗೆ ಹಾರ್ಕೊಂಡು ಬರ್ತವೆ. ಈಗ ಸ್ವಲ್ಪ ವಿಶ್ರಾಂತಿ ತಗೊಂಡಿದ್ದಾನೆ, ಅಷ್ಟೇ."

ಲಫಾಯೆಲೆ ಹಲ್ಲು ಕಚ್ಚಿ ನಕ್ಕ. ಅತ್ತ ಕಿರಿಮಗಳು ಕೋಳಿಯ ಕಡೆ ಬೆರಳು ಮಾಡಿ, "ಅಮ್ಮಾ, ಇದೇನು?" ಎಂದು ರಾಗ ಎಳೆದಳು. ಈ ಮಗುವಾದರೂ ನಿಜ ಹೇಳಿತಲ್ಲ ಎಂದು ಅವನಿಗೆ ಜೀವ ಬಂತು.

"ದಿನಾ ತಿಂದು ತಿಂದು ಬೇಜಾರಾಗಿದೆ ಮಗೂಗೆ," ಎಂದಳು ಫಿಲೊಮೇನ.

ಇನ್ನು ಉಳಿದ ಅವಕಾಶವೆಂದರೆ, ಊಟದ ನಂತರ ಯಜಮಾನ ಅತಿಥಿಗಳ ಮುಂದೆ ಮಾಡುವ ವಾಡಿಕೆಯ ಭಾಷಣ. ಮನೆಯ ಯಜಮಾನ ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ಫಿಲೊಮೇನ ಕೂಡ. ಲಫಾಯೆಲೆ ನಾಚಿಕೆ ಮಾನ ಎಲ್ಲ ಮೂಲೆಗಿಟ್ಟು ನಿಜವನ್ನೇ ಹೇಳಲು ಹೊರಟ.

"ಹಿರಿಯರೇ, ನಮ್ಮದು ಬಡವರ ಮನೆ. ನಿಮ್ಮ ಮುಂದೆ ಇಡೋಕೆ ಇಲ್ಲಿ ಏನೂ ಇಲ್ಲ."

ಮೇಷ್ಟ್ರು ಮೆಚ್ಚಿ ತಲೆದೂಗಿದರು. ಕೆಟ್ಟಿತು! ಆ ದ್ವೀಪದಲ್ಲಿ ಹತ್ತು ಹಂದಿ ಕಡಿದು ಬಡಿಸುವ ಸಾಹುಕಾರನೂ ತನ್ನ ಭಾಷಣ ಶುರುಮಾಡುವುದು ಇದೇ ಮಾತಿನಿಂದ.

"ನಿಜ ಹೇಳ್ತಿದೀನಿ ಮೇಷ್ಟ್ರೇ, ಸತ್ಯವಾಗ್ಲೂ ಏನೂ ಇಲ್ಲ! ಡಬ್ಬ ಖಾಲಿ, ಮಡಕೆ ಖಾಲಿ!"

"ಆಹಾ, ಎಂಥಾ ವಿನಯ!" ಮಟಲೇನಮ್ಮ ಕಣ್ಣೊರೆಸಿಕೊಂಡರು. "ಬಿಷಪ್ಪರು ಬಂದಾಗ್ಲೂ ಯಾರೂ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ."

ಅಷ್ಟರಲ್ಲಿ ಫಿಲೊಮೇನ ಮೇಷ್ಟ್ರ ಕಡೆ ಕಳ್ಳನೋಟ ಬೀರಿ, "ಯಾಕೋ ತಲೆ ಸಿಡೀತಿದೆ, ನಾನು ಮನೆಗೆ ಹೋಗ್ತೀನಿ," ಎನ್ನುತ್ತ ಸರಸರನೆ ಹೊರಟೇಹೋದಳು. ಅಬ್ಬಾ, ಪೀಡೆ ತೊಲಗಿತು! ಇನ್ನು ಬಿಡಿಸಿ ಹೇಳಿಬಿಡಬೇಕು.

"ಮೇಷ್ಟ್ರೇ, ಆ ಮೋಟರು..."

ಆದರೆ ಭಾಷಣ ಮುಗಿಯಿತೆಂದುಕೊಂಡ ಸುಲಿಯಾ, ಅವನೇ ಬೆಳಗ್ಗೆ ಹೇಳಿಕೊಟ್ಟಂತೆ ಚಾಪೆಯನ್ನು ಎರಡೂ ಕೈಯಲ್ಲಿ ಹರಡಿ ಹಿಡಿದು ಗಂಭೀರವಾಗಿ ನಡೆದುಬಂದಳು. ಹಿಂದಿನಿಂದ ಡಬ್ಬಿಗಳೂ ಬಂದವು. ಚಾಪೆ ಅತಿಥಿಯ ಮುಂದೆ ಇಟ್ಟ ಮೇಲೆ ಮುಗಿಯಿತು, ಕೊಟ್ಟವನು ಏನನ್ನೂ ಬೇಡುವಂತಿಲ್ಲ. ಬೇಡವೆನ್ನುವ ಹಕ್ಕು ಅತಿಥಿಗೂ ಇಲ್ಲ. ಮೇಷ್ಟ್ರು ಪೇಚಾಡಿಕೊಂಡೇ ಎಲ್ಲವನ್ನೂ ಪಿಕಪ್ಪಿಗೆ ಏರಿಸಿದರು.

"ನಿನ್ನ ಮೋಟರಿನ ವಿಷ್ಯ..." ಎಂದರು, ಹತ್ತುವ ಮುಂಚೆ.

"ಹೂಂ ಮೇಷ್ಟ್ರೇ!" ಲಫಾಯೆಲೆ ಬಾಗಿಲು ಹಿಡಿದುಕೊಂಡ.

"ಇನ್ನೊಂದು ಮನೆ ನೋಡೋದಿದೆ. ಅಲ್ಲೂ ಸ್ವಲ್ಪ ವಿಚಾರಿಸ್ಕೊಂಡು ತೀರ್ಮಾನ ಮಾಡ್ತೀವಿ."

ಹೂಂ ಎನ್ನಲಿಲ್ಲ, ಉಹೂಂ ಎಂದೂ ಎನ್ನಲಿಲ್ಲ. ಸಂಜೆಯವರೆಗೆ ಲಫಾಯೆಲೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸುಲಿಯಾ ಮಾತಾಡಿಸಿದರೆ ಅವಳ ಮೇಲೇ ರೇಗಿದ. ಅಷ್ಟು ಹೊತ್ತಿಗೆ ಫಿಲೊಮೇನ ಕಂಕುಳಲ್ಲಿ ಏನನ್ನೋ ಅವುಚಿಕೊಂಡು, ಅತ್ತಿತ್ತ ನೋಡುತ್ತ ಒಳಬಂದಳು.

"ಯಾರಿಗೂ ಹೇಳ್ಬೇಡಪ್ಪ," ಎಂದಳು, ಹುಟ್ಟಿದಾಗಿನಿಂದ ಮೊದಲ ಸಲ ಮೆಲುದನಿಯಲ್ಲಿ. "ಅಂಗಡಿ ಮುಚ್ಚಿದ ಮೇಲೆ ನಂಗೂ ನಡೀತಿಲ್ಲ. ನಿಂಗೆ ಬೆಳಗ್ಗೆ ಕೊಟ್ಟಿದ್ದೇ ಕೊನೇದು. ನಾನೂ ಬಳಗದವ್ರಿಗೆ ಹೇಳ್ಕೊಂಡಿದ್ದೆ. ನಿಮ್ಮನೆಯಿಂದ ಹೊರಟವ್ರು ಯಾರಿಗೂ ಕಾಣ್ದಂಗೆ ಸುತ್ತಿ ಬಳಸಿ ನಮ್ಮನೆ ಹಿತ್ತಿಲಿಗೇ ಬಂದ್ರು. ಸಿಕ್ಕಿದ ಕಾಣಿಕೇನ ಅವ್ರು ಮನೆಗೆ ಒಯ್ಯೋ ಹಾಗಿಲ್ವಂತೆ. ಎಲ್ಲಾ ನಂಗೇ ಕೊಟ್ಟು ಹೋದ್ರು!" ಕಂಕುಳಿನದನ್ನು ಬಿಡಿಸಿದಳು. ಅದೇ ಚಾಪೆ.

ಲಫಾಯೆಲೆಗೆ ಅಳುವೂ ಬಂತು, ನಗುವೂ ಬಂತು. "ಒಳ್ಳೇದಾಯ್ತು ಬಿಡಕ್ಕ. ನಿನ್ನ ಚಾಪೆ ನಿನಗೇ ಬಂತು, ನಿನ್ನ ಡಬ್ಬಿ ನಿನಗೇ ಬಂತು. ನಮ್ಮ ಲೆಕ್ಕ ತೀರಿತು."

"ಅದ್ಹೇಗೆ ತೀರುತ್ತೆ? ಇದು ಚರ್ಚು ನಂಗೆ ಕೊಟ್ಟಿದ್ದು. ನಾನು ನಿಂಗೆ ಕೊಟ್ಟಿದ್ದು ಎಲ್ಲಿ?"

ಲಫಾಯೆಲೆ ಸುಲಿಯಾಳ ಮುಖ ನೋಡಿದ. ಸುಲಿಯಾ ಸೂರು ನೋಡಿದಳು.

"ಇರ್ಲಿ ಬಿಡು, ನಿಧಾನಕ್ಕೆ ಕೊಡು," ಫಿಲೊಮೇನ ಕರುಣೆಯಿಂದ ಅವನ ಬೆನ್ನು ತಟ್ಟಿದಳು. "ನಿನ್ನ ಮನೆ ಕಾಣಿಕೆ ನಂಗೆ ಸಿಕ್ತಲ್ಲ, ಆ ಉಪಕಾರ ನಾನು ಇಟ್ಕೊಂಡಿಲ್ಲ, ಆಗ್ಲೇ ತೀರ್ಸಿದೀನಿ. ಲಫಾಯೆಲೆಯ ಮೋಟರು ಕೆಟ್ಟಿರೋದು ನಿಜವಾ, ಅವ್ನಿಗೆ ಕಷ್ಟ ಇದ್ಯಾ ಅಂತ ಮೇಷ್ಟ್ರು ನನ್ನನ್ನೇ ಕೇಳಿದ್ರು. ನಾನು ಬಿಟ್ಟುಕೊಡ್ತೀನಾ? ಅವನಿಗೇನು ಕಷ್ಟ, ಬೇಕಾದ್ರೆ ನಾಳೆಯೇ ಹೊಸಾ ಮೋಟರು ತಗೋತಾನೆ ಅಂತ ದೇವರಾಣೆ ಹಾಕಿ ಹೇಳಿ ಕಳ್ಸಿದೀನಿ!"