ಚೆಂಡಿನ ವೇಗವೂ ಬೆಳಗಿನ ಕಾಫಿಯೂ

ಸುಮ್ಮನಿರಲಾರದ ಬುದ್ಧಿಯೊಂದು ಹುಟ್ಟಿನಿಂದಲೇ ನನಗೆ ಅಂಟಿಕೊಂಡಿದೆ. ಗೋಡೆ ಗಡಿಯಾರ ಯಾಕೆ ಹಿಂದೆ ಬಿತ್ತು, ಕುಕ್ಕರ್ ಮೂರನೇ ಸಲ ಯಾಕೆ ಬೇರೆ ಥರ ಕೂಗಿತು ಎಂದು ಯೋಚಿಸುತ್ತ ನಿಂತರೆ ಅತ್ತ ಪಲ್ಯ ಸೀದು ಹೋದದ್ದೂ ತಿಳಿಯುವುದಿಲ್ಲ. ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಿಗೆ ಇದು ಭೂಷಣವೇ ಇರಬಹುದು. ಸಂಸಾರಕ್ಕೆ ಅಷ್ಟೇನೂ ಒಳ್ಳೆಯದಲ್ಲ. ಜೀವನದಲ್ಲಿ ನಾನು ಗಳಿಸಿದ ಒಂದೇ ಒಂದು ಚಾಂಪಿಯನ್ ಪಟ್ಟವನ್ನು ಈ ಬುದ್ಧಿಯಿಂದಾಗಿ ನನ್ನ ಕೈಯಾರೆ ಕಳೆದುಕೊಂಡೆ. ಯಾರೂ ಕಿತ್ತುಕೊಳ್ಳಲಿಲ್ಲ, ಯಾರೂ ಕೇಳಲೂ ಇಲ್ಲ.

ಆ ಪಟ್ಟ ದಕ್ಕಿದ್ದು ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು, ಮಹಡಿ ಮೇಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ನಾನು ನಾರ್ವೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಮೇಗುಂದದ ಕಡೆಯಿಂದ ಇನ್ನೊಬ್ಬರು ಬರುತ್ತಿದ್ದರು. ಹಾಜರಿ ನಂಬರಿನ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್. ಇನ್ನೊಬ್ಬರದ್ದನ್ನು ಮುಟ್ಟಿದರೆ ಸಾರ್ ಬೈಯುತ್ತಿದ್ದರು. ನನ್ನದು ಎರಡು, ಅವರದು ಮೂರು. ಪಾಠ ಮುಗಿದ ಮೇಲೆ ಹತ್ತು ನಿಮಿಷ ಆಟಕ್ಕೆ ಬಿಡುವು. ಕೆಳಗೊಂದು ಹಲಗೆ, ಮೇಲೆ ಇಟ್ಟಿಗೆಯ ಸಾಲು. ನೆಗೆಯುವ ಚೆಂಡನ್ನು ಹಲಗೆಯಿಂದ ತಡೆದು ತಡೆದು ಇಟ್ಟಿಗೆ ಒಡೆಯಬೇಕು. ದಸರಾ ರಜೆಯ ತನಕ ಗೆದ್ದದ್ದು ಮೂರನೇ ನಂಬರು. ರಜೆ ಮುಗಿಸಿ ಬಂದ ಮೇಲೆ ದಿನಾ ನಾನೇ. ಒಂದು ದಿನವೂ ತಪ್ಪಲಿಲ್ಲ. ಆ ಮೂರನೇ ನಂಬರನ್ನೇ ಮುಂದೆ ನಾನು ಮದುವೆಯಾದೆ. ಹೊಸತರಲ್ಲಿ ಬೆಳಿಗ್ಗೆ ಮೊದಲು ಎದ್ದು ಕಾಫಿ ಮಾಡುವವರು ಯಾರು ಎಂಬ ಜಟಾಪಟಿ ಎದ್ದಾಗ, ತರಬೇತಿ ಕೇಂದ್ರದ ಲೆಕ್ಕವನ್ನೇ ಹಿಡಿಯುವುದೆಂದು ತೀರ್ಮಾನವಾಯಿತು. ಸೋತವರು ಮಾಡಬೇಕು. ಹೀಗಾಗಿ ಇಪ್ಪತ್ತಾರು ವರ್ಷದಿಂದ ನಮ್ಮ ಮನೆಯವರು ಐದೂವರೆಗೆ ಏಳುತ್ತಾರೆ, ನಾನು ಆರೂವರೆಗೆ ಹಾಸಿಗೆಯಲ್ಲೇ ಕಾಫಿ ಕುಡಿಯುತ್ತೇನೆ.

ಈ ಸಲ ಬೇಸಿಗೆ ರಜೆಯಲ್ಲಿ ಅಟ್ಟ ಗುಡಿಸುವಾಗ ನಮ್ಮ ಹಳೆಯ ಕಂಪ್ಯೂಟರ್ ಸಿಕ್ಕಿತು. ಮನೆಯವರಿಗೆ ಹರಿಹರಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ; ವೈರು ಎಳೆದು, ಧೂಳು ಊದಿ ಅದಕ್ಕೆ ಜೀವ ಬರಿಸಿದರು. ತರಬೇತಿ ಕೇಂದ್ರದ್ದಕ್ಕಿಂತ ನಾಲ್ಕಾರು ವರ್ಷ ಹೊಸದು, ಆದರೆ ಒಳಗೆ ಆ ಆಟ ಹಾಗೇ ಇತ್ತು. ನಾನು ಗತ್ತಿನಿಂದ ಕುರ್ಚಿ ಎಳೆದುಕೊಂಡು ಗುಂಡಿ ಒತ್ತಿದೆ. ಚೆಂಡು ಕಾಣಲೇ ಇಲ್ಲ. ‘ಆಟ ಮುಗಿಯಿತು’ ಎಂಬ ಅಕ್ಷರ ಮಾತ್ರ ಕಂಡಿತು.

“ಎಂತ ಮಾರಾಯ್ತಿ, ಇಷ್ಟೇನಾ ನಿನ್ನ ಚಾಂಪಿಯನ್‌ಗಿರಿ?” ಎಂದರು ಮನೆಯವರು.

“ಕಂಪ್ಯೂಟರ್ ಫಾಸ್ಟ್ ಆಗಿದೆ. ಆಟ ಅದರ ವೇಗಕ್ಕೇ ಓಡ್ತದೆ. ನಾನೆಂತ ಮಾಡ್ಲಿ?”

“ಅದೆಲ್ಲ ನಂಗೆ ಗೊತ್ತಿಲ್ಲ. ಶಾಲೆ ಶುರುವಾಗೋದ್ರೊಳಗೆ ಒಂದ್ಸಲ ಗೆದ್ದು ತೋರ್ಸು. ಇಲ್ಲ ಅಂದ್ರೆ ಕಾಫಿ ನಿಂದು.”

ಮಾನದ ಪ್ರಶ್ನೆ. ಹಳೆಯ ಪುಸ್ತಕ ಹುಡುಕಿ, ಅಂತರ್ಜಾಲ ಜಾಲಾಡಿ, ಯಂತ್ರದ ಒಳಗಿನ ಭಾಷೆ ಕಲಿಯಲು ಕೂತೆ. ಕಲಿಯುತ್ತ ಹೋದಂತೆ ಮಾನದ ಪ್ರಶ್ನೆ ಮರೆತು ಮಜಾ ಹತ್ತಿತು. ಕಂಪ್ಯೂಟರಿನೊಳಗೆ ಟೈಮರ್ ಎಂಬುದೊಂದಿದೆ. ಸೆಕೆಂಡಿಗೆ ಹದಿನೆಂಟು ಚಿಲ್ಲರೆ ಸಲ ಅದು ಬಾಗಿಲು ತಟ್ಟುತ್ತದೆ. ತಟ್ಟಿದಾಗಲೆಲ್ಲ ಕಂಪ್ಯೂಟರ್ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು, ಗಡಿಯಾರವನ್ನು ಒಂದು ಚೂರು ಮುಂದೆ ತಳ್ಳಿ, ಮತ್ತೆ ಹೋಗಿ ಕೂರುತ್ತದೆ. ಈ ಟೈಮರಿಗೆ ಸೆಕೆಂಡಿಗೆ ಸಾವಿರ ಸಲ ತಟ್ಟು ಎಂದು ಹೇಳಬಹುದು! ತಟ್ಟಿದಾಗಲೆಲ್ಲ ಕಂಪ್ಯೂಟರಿಗೆ ಒಂದು ದಂಡದ ಕೆಲಸವನ್ನೂ ಕೊಡಬಹುದು: ಇಂತಿಷ್ಟರ ತನಕ ಎಣಿಸಿ ಹೋಗು ಅಂತ. ಮಿಕ್ಕ ಸಮಯದಲ್ಲಷ್ಟೇ ಆಟ ನಡೆಯಬೇಕು. ನಾನು ಉತ್ತರಪತ್ರಿಕೆ ತಿದ್ದಲು ಕೂತ ದಿನ ಮನೆಗೆ ನೆಂಟರು ಬಂದರೆ ಆಗುವುದೂ ಇದೇ.

ಮೊದಲ ಪ್ರಯತ್ನದಲ್ಲಿ ಒಂದು ಎಡವಟ್ಟಾಯಿತು. ಸಾವಿರ ಸಲ ತಟ್ಟಿದ್ದನ್ನೂ ಹಾಗೇ ಗಡಿಯಾರಕ್ಕೆ ದಾಟಿಸಿಬಿಟ್ಟಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಆಟಕ್ಕೆ ಕೂತವಳು ಹನ್ನೊಂದೂ ಕಾಲಿಗೆ ನೋಡಿದರೆ ಕಂಪ್ಯೂಟರಿನಲ್ಲಿ ತಾರೀಖೇ ಬದಲಾಗಿತ್ತು. ಐವತ್ತೈದಕ್ಕೆ ಒಂದನ್ನು ಮಾತ್ರ ದಾಟಿಸಬೇಕೆಂಬ ಲೆಕ್ಕ ಗಣಿತದ ಟೀಚರಿಗೆ ಹೊಳೆಯಲು ಎರಡು ದಿನ ಬೇಕಾಯಿತು. ಈ ವಿಷಯ ದಯವಿಟ್ಟು ನನ್ನ ಶಾಲೆಯವರೆಗೆ ಹೋಗದಿರಲಿ.

ಇನ್ನು, ಆ ದಂಡದ ಎಣಿಕೆ ಎಷ್ಟಿರಬೇಕು? ಹಳೆಯ ವೇಗ ಎಷ್ಟಿತ್ತೆಂದು ಬರೆದಿಟ್ಟವರು ಯಾರು? ಆದರೆ ನನ್ನ ಬಾಯಿಗೆ ನೆನಪಿತ್ತು. ಆಗೆಲ್ಲ ಆಡುವಾಗ ಹದಿಮೂರರ ಮಗ್ಗಿ ಗುನುಗುವ ಅಭ್ಯಾಸ; ಚೆಂಡು ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಮಗ್ಗಿಯ ಎರಡು ಸಾಲು ಸರಿಯಾಗಿ ಮುಗಿಯುತ್ತಿತ್ತು. ಎಣಿಕೆಯನ್ನು ಏರಿಸುತ್ತ ಇಳಿಸುತ್ತ ಮಗ್ಗಿಗೆ ಕೂಡಿಸಿದೆ. ಕೂಡಿದ್ದೇ ತಡ, ಬೆರಳುಗಳಿಗೆ ಹದಿಹರೆಯ ಬಂದು, ಒಂದು ಇಟ್ಟಿಗೆಯನ್ನೂ ಉಳಿಸದೆ ಗೆದ್ದೆ.

“ನೋಡಿದ್ರಾ?” ಎಂದೆ.

ಮನೆಯವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಇದು ಚೆಂಡೋ ಹಲಸಿನಕಾಯೋ? ಇಷ್ಟು ನಿಧಾನ ಎಲ್ಲಿತ್ತು ಮಾರಾಯ್ತಿ? ದಸರಾಕ್ಕೆ ಮುಂಚೆ ನಾನು ಗೆಲ್ತಿದ್ದಾಗ್ಲೂ ಕಣ್ಣು ಪಿಳುಕಿಸ್ಲಿಕ್ಕೆ ಪುರುಸೊತ್ತಿರ್ಲಿಲ್ಲ.”

“ನನ್ನ ಮಗ್ಗಿ ತಪ್ಪೋದಿಲ್ಲ.”

“ನನ್ನ ಕಣ್ಣೂ ತಪ್ಪೋದಿಲ್ಲ.”

ಅವರು ಹೇಳಿದ ವೇಗಕ್ಕೆ ಇಟ್ಟು ನೋಡಿದರೆ ನನ್ನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಅವರು ಸುಳ್ಳು ಹೇಳುವ ಪೈಕಿ ಅಲ್ಲ. ನಾನೂ ಅಲ್ಲ. ಅಕ್ಕಪಕ್ಕ ಕೂತು ಆಡಿದ ಒಂದೇ ಆಟ ಇಬ್ಬರ ನೆನಪಿನಲ್ಲಿ ಎರಡು ವೇಗದಲ್ಲಿ ಓಡುವುದೆಂದರೇನು? ಗೆದ್ದಾಗಿತ್ತು, ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಮತ್ತೆ ಹುಡುಕಾಡಿದಾಗ ತಿಳಿಯಿತು, ಆ ಕಾಲದ ಕಂಪ್ಯೂಟರುಗಳ ಮುಂಭಾಗದಲ್ಲಿ ಟರ್ಬೊ ಎಂಬ ಒಂದು ಗುಂಡಿ ಇರುತ್ತಿತ್ತಂತೆ. ಒಂದು ಸಲ ಒತ್ತಿದರೆ ಒಳಗೆ ಹೋಗಿ ಕೂರುತ್ತದೆ, ಮತ್ತೊಂದು ಸಲ ಒತ್ತಿದರೆ ಹೊರಗೆ ಬರುತ್ತದೆ. ಅದು ಒಳಗೆ ಹೋಗಿದ್ದರೆ ದೀಪ ಹತ್ತಿ ಕಂಪ್ಯೂಟರ್ ಪೂರ್ತಿ ವೇಗದಲ್ಲಿ ಓಡುತ್ತದೆ; ಹೊರಗೆ ಬಂದಿದ್ದರೆ ದೀಪ ಆರಿ, ಹಳೆಯ ಆಟಗಳಿಗೆ ಹೊಂದುವಂತೆ ನಿಧಾನವಾಗುತ್ತದೆ. ನಾನು ರಜೆಯೆಲ್ಲ ಒದ್ದಾಡಿ ಬರೆದ ಪ್ರೋಗ್ರಾಮಿನ ಕೆಲಸವನ್ನು ಆ ಗುಂಡಿ ಒಂದೇ ಒತ್ತಿಗೆ ಮಾಡುತ್ತಿತ್ತು!

ದೀಪ ಎಂದು ಓದಿದ ಕೂಡಲೇ ನನಗೊಂದು ನೆನಪಾಯಿತು. ತರಬೇತಿ ಕೇಂದ್ರದಲ್ಲಿ ದಸರಾ ಕಳೆದ ಮೇಲೆ ನನ್ನ ಕಂಪ್ಯೂಟರಿನ ದೀಪ ಉರಿಯುತ್ತಿರಲಿಲ್ಲ, ಸುಟ್ಟಿದೆ ಎಂದೇ ನಾವೆಲ್ಲ ತಿಳಿದಿದ್ದೆವಲ್ಲ? ಕಪಾಟಿನಿಂದ ಆಲ್ಬಮ್ ತೆಗೆದೆ. ಸರ್ಟಿಫಿಕೇಟ್ ಕೊಟ್ಟ ದಿನದ ಗುಂಪು ಫೋಟೊ, ಹಿಂದೆ ಸಾಲಾಗಿ ಕಂಪ್ಯೂಟರುಗಳು. ಮೂರನೆಯದರ ದೀಪ ಉರಿಯುತ್ತಿದೆ, ಎರಡನೆಯದರದು ಇಲ್ಲ. ಅದರ ಗುಂಡಿಯ ಮೇಲೆ ಒಣಗಿ ಗಟ್ಟಿಯಾದ ಗಂಧ, ಅದರ ನಡುವೆ ಕುಂಕುಮ. ಆಯುಧಪೂಜೆಯ ದಿನ ಕಂಪ್ಯೂಟರುಗಳಿಗೆ ಬೊಟ್ಟಿಡುವ ಕೆಲಸವನ್ನು ಸಾರ್ ನನಗೇ ವಹಿಸಿದ್ದರು. ಮಿಕ್ಕವಕ್ಕೆ ಮೂಲೆಯಲ್ಲಿ ಒಂದೊಂದು ಬೊಟ್ಟು. ನನ್ನದೆಂಬ ಅಭಿಮಾನಕ್ಕೆ ಎರಡನೇ ನಂಬರಿಗೆ ಮಾತ್ರ, ಹಣೆಯ ಹಾಗೆ ಚಂದವಾಗಿ ಕಂಡ ಆ ಗುಂಡಿಯ ಮೇಲೇ ಧಾರಾಳವಾಗಿ ಒತ್ತಿ ಹಚ್ಚಿದ್ದೆ. ಒತ್ತಿದ್ದಕ್ಕೆ ಗುಂಡಿ ಹೊರಗೆ ಬಂದಿದೆ, ಗಂಧ ಒಣಗಿ ಅಲ್ಲೇ ಕಚ್ಚಿಕೊಂಡಿದೆ. ರಜೆ ಮುಗಿಸಿ ಬಂದು ನಾನು ದಿನಾ ಗೆದ್ದದ್ದು ಕೈಚಳಕದಿಂದಲ್ಲ. ನನ್ನ ಚೆಂಡೊಂದೇ ನಿಧಾನಕ್ಕೆ ಓಡುತ್ತಿತ್ತು.

ಒಂದು ದಿನ ಮುಚ್ಚಿಟ್ಟೆ. ಆಮೇಲೆ ಆಗಲಿಲ್ಲ, ಫೋಟೊ ತಂದು ಅವರ ಮುಂದಿಟ್ಟೆ. ಅವರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಯಾಕೋ ಗಾಬರಿಯಾದವರಂತೆ ಕಂಡರು.

“ಹೋಗ್ಲಿ ಬಿಡು. ಹಳೇ ಕಥೆ. ಕಾಫಿ ನಾನೇ ಮಾಡ್ತೇನೆ.”

“ಆಗ್ಲಿಕ್ಕಿಲ್ಲ. ಮಾತು ಅಂದ್ರೆ ಮಾತು. ನಾಳೆಯಿಂದ ನಂದು.”

ಮರುದಿನ ಐದೂವರೆಗೆ ಎದ್ದೆ. ಮನೆ ನಿಶ್ಶಬ್ದವಾಗಿತ್ತು, ಶೃಂಗೇರಿಗೆ ಹೋಗುವ ಮೊದಲ ಬಸ್ಸು ಸ್ಟ್ಯಾಂಡಿನಲ್ಲಿ ಎಂಜಿನ್ ಶುರು ಮಾಡಿದ್ದು ಕೇಳಿಸಿತು. ಕಾಫಿಪುಡಿ ಡಬ್ಬಿಯ ಹಿಂದೆ ಇನ್ನೊಂದು ಡಬ್ಬಿ, ಅದರ ತುಂಬ ಬೆಣ್ಣೆ ಬಿಸ್ಕತ್ತು. ಫಿಲ್ಟರಿನಲ್ಲಿ ಇಳಿದ ಮೊದಲ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಒಂದು ಗುಟುಕು ಕುಡಿದೆ. ಅಲ್ಲೇ ನಿಂತುಬಿಟ್ಟೆ. ಇಂಥ ಕಾಫಿಯನ್ನು ನನ್ನ ಮನೆಯಲ್ಲಿ ನಾನು ಕುಡಿದೇ ಇರಲಿಲ್ಲ! ಇಪ್ಪತ್ತಾರು ವರ್ಷ ಈ ಮನುಷ್ಯ ಮೊದಲ ಡಿಕಾಕ್ಷನ್ನನ್ನು ಬಿಸ್ಕತ್ತಿನ ಜೊತೆ ಒಬ್ಬರೇ ಮುಗಿಸಿ, ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ್ದನ್ನು ಚಾಂಪಿಯನ್ನಿಗೆ ಹಾಸಿಗೆಗೆ ತಂದುಕೊಡುತ್ತಿದ್ದರು. ಸಿಟ್ಟು ಬಂತು. ಆದರೂ ಹಿತ್ತಿಲ ಬಾಗಿಲಿಗೆ ಕುರ್ಚಿ ಹಾಕಿ, ಯಾರೂ ಯಾವುದಕ್ಕೂ ಕೂಗದ ಆ ಒಂದು ಗಂಟೆ ಕೂತು ಕಾಫಿ ಕುಡಿಯುವಷ್ಟರಲ್ಲಿ ಸಿಟ್ಟು ಇಳಿದು ಹೊಟ್ಟೆಕಿಚ್ಚು ಮಾತ್ರ ಉಳಿಯಿತು. ಆರೂವರೆಗೆ ಎರಡನೇ ಡಿಕಾಕ್ಷನ್ನಿನ ಕಾಫಿಯನ್ನು ಅವರ ಹಾಸಿಗೆಗೆ ಕೊಂಡುಹೋದೆ. ಅವರು ಒಂದು ಗುಟುಕು ಕುಡಿದರು, ನನ್ನ ಮುಖ ನೋಡಿದರು, ಮಿಕ್ಕದ್ದನ್ನು ಕಣ್ಣು ಮುಚ್ಚಿ ಮುಗಿಸಿದರು.

ಒಂದು ವಾರ ತಡೆದುಕೊಂಡರು. ನಿನ್ನೆ ಬಂದು, “ಸರಿಯಾದ ವೇಗಕ್ಕೆ ಇಟ್ಟು ಇನ್ನೊಂದ್ಸಲ ಆಡೋಣ ಮಾರಾಯ್ತಿ. ಈ ಸಲ ಗೆದ್ದವರು ಕಾಫಿ ಮಾಡೋದು” ಎಂದರು. ನ್ಯಾಯವಾದ ಮಾತು, ಒಪ್ಪಿದೆ. ಭಾನುವಾರ ಪಂದ್ಯ. ವೇಗ ಎಷ್ಟೆಂಬುದು ಪ್ರೋಗ್ರಾಮಿನ ಒಂದೇ ಒಂದು ಸಾಲಿನಲ್ಲಿದೆ, ಅದನ್ನು ಓದಲು ಈ ಮನೆಯಲ್ಲಿ ಬರುವುದು ನನಗೊಬ್ಬಳಿಗೇ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಮಕ್ಕಳನ್ನು ಕಿವಿ ಹಿಡಿದು ಎಬ್ಬಿಸುವವಳು ನಾನು. ಈಗ ಅವರು ಆಡುವ ಸರದಿಗೆ ಅವರೇ ಹೇಳಿದ ಜೋರು ವೇಗದ ಸಂಖ್ಯೆ, ನನ್ನ ಸರದಿಗೆ ಹದಿಮೂರರ ಮಗ್ಗಿಗೆ ಸರಿಹೊಂದುವ ಇನ್ನೊಂದು ಸಂಖ್ಯೆ ಬರೆದಿಟ್ಟು, ಫಿಲ್ಟರಿಗೆ ನಾಳೆಯ ಪುಡಿ ತುಂಬುತ್ತಿದ್ದೇನೆ.