ಕಕ್ಕೇರಾ ಮಾವನಿಗೆ ಹಚ್ಚಿದ ಅತ್ತರು

ಭಾಗಣ್ಣನ ತೊಂದರೆಯೆಲ್ಲ ಶುರುವಾದದ್ದು ದುರಗಪ್ಪ ಮಾವನ ಒಳ್ಳೆಯ ಮನಸ್ಸಿನಿಂದ.

ದುರಗಪ್ಪ ಭಾಗಣ್ಣನ ಹೆಂಡತಿ ಮರಿಲಿಂಗಮ್ಮನ ಸೋದರಮಾವ. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ, ಬೆಳೆಸಿ, ಮದುವೆ ಮಾಡಿಕೊಟ್ಟವನು. ಶೇಂಗಾ ರಾಶಿ ಮುಗಿಸಿ, ಮಕ್ಕಳ ಮುಖ ನೋಡಿಕೊಂಡು ಹೋಗುತ್ತೇನೆಂದು ಕಕ್ಕೇರಾದಿಂದ ಸುರಪುರಕ್ಕೆ ಬಂದ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂತ. ಕೂತವನು ಕೂತೇ ಇದ್ದ. ಗೋಡೆಗೆ ಬಡಿದ ಗೂಟವನ್ನಾದರೂ ಅಲ್ಲಾಡಿಸಿ ಕೀಳಬಹುದು, ಮಾವ ಅಲ್ಲಾಡುವ ಲಕ್ಷಣ ಕಾಣಲಿಲ್ಲ.

ಅವನು ಉಣ್ಣುವ ರೊಟ್ಟಿಯ ಬಗ್ಗೆ ಭಾಗಣ್ಣನಿಗೆ ಬೇಸರವಿರಲಿಲ್ಲ. ಹೆದರಿಕೆಯಿದ್ದದ್ದು ಅವನ ಬಾಯಿಯದು. ಮೊನ್ನೆ ಮಗಳು ಗೊಲ್ಲಾಳಮ್ಮನನ್ನು ನೋಡಲು ಶಹಾಪುರದವರು ಬಂದಾಗ ಮಾವ ಪ್ರೀತಿ ತಡೆಯಲಾರದೆ ಹುಡುಗಿಯನ್ನು ಹೊಗಳಿಬಿಟ್ಟಿದ್ದ.

"ನಮ್ಮ ಹುಡುಗಿ ಭಾಳ ಗಟ್ಟಿ ಅದಾಳ್ರಿ. ಕುಂತ್ರ ಎಂಟು ರೊಟ್ಟಿ ತಿಂತಾಳ. ಮಲಗಿದ್ಲಂದ್ರ ಎಮ್ಮಿ ತುಳದ್ರೂ ಏಳಂಗಿಲ್ಲ. ಅವರಪ್ಪ ಹಗ್ಗ ಅಳೀವಾಗ ಒಂದು ಗೇಣು ಕಡಿಮಿ ಅಳೀತಾನ ಖರೆ, ಹುಡುಗಿ ಮಾತ್ರ ಹಂಗಲ್ರಿ, ಬಂಗಾರ!"

ಶಹಾಪುರದವರು ಚಹಾ ಕುಡಿದು ಹೋದವರು ತಿರುಗಿ ಬರಲಿಲ್ಲ. ಹಗ್ಗ, ಮೂಗುದಾರ, ಬಾರಕೋಲು ಮಾರಿ ಬದುಕುವ ಭಾಗಣ್ಣನ ಅಂಗಡಿಗೆ ಬಂದವರು ಅಂದಿನಿಂದ ಹಗ್ಗವನ್ನು ತಾವೇ ಅಳೆಯತೊಡಗಿದರು.

ಇವತ್ತು ಸಂಜೆ ಯಾದಗಿರಿಯಿಂದ ಅಮರಪ್ಪನವರು ಬರುವವರಿದ್ದರು. ತಹಶೀಲ ಕಚೇರಿಯಲ್ಲಿ ಪೇಷ್ಕಾರರಾಗಿ, ಸಾಹೇಬರ ಮುಂದೆ ಕಾಗದ ಓದಿ ಓದಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಮಗ ಯಾದಗಿರಿ ಸ್ಟೇಷನ್ನಿನಲ್ಲಿ ಮಾಲಿನ ಗುಮಾಸ್ತ. ಇಂಥ ಸಂಬಂಧ ಮನೆ ಬಾಗಿಲಿಗೆ ಮತ್ತೆ ಬರುವುದಿಲ್ಲ. ಸಂಜೆಯೊಳಗೆ ಮಾವ ಊರು ಬಿಡಬೇಕು, ಇಲ್ಲವೆ ಅವನ ಬಾಯಿ ಗೊಲ್ಲಾಳಮ್ಮನ ನಸೀಬನ್ನು ನುಂಗಿಬಿಡುತ್ತದೆ.

ಭಾಗಣ್ಣ ಹೆಂಡತಿಯ ಹತ್ತಿರ ಮೆಲ್ಲಗೆ ಮಾತು ತೆಗೆದ. ಮರಿಲಿಂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಮ್ಮ ಮಾಮಾಗ ಹೋಗು ಅಂತ ಅನ್ರಿ ನೋಡೋಣು. ಅವನ ಗಂಟಿನ ಜೋಡಿ ನನ್ನ ಗಂಟೂ ಹೊಂಡ್ತದ."

ಭಾಗಣ್ಣ ಹಿತ್ತಿಲಿಗೆ ಬಂದು ಗೋಡೆಗೊರಗಿ ನಿಂತ. ಗೋಡೆಯಾಚೆ ಬೇಳೆ ಹಸನು ಮಾಡುತ್ತಿದ್ದ ಖಾಜಾಬೀ ಎಲ್ಲ ಕೇಳಿಸಿಕೊಂಡಿದ್ದಳು. ಹರೆಯದಲ್ಲಿ ಹೈದರಾಬಾದಿನ ನವಾಬರೊಬ್ಬರ ದೇವಡಿಯಲ್ಲಿ ಅಡುಗೆ ಕೆಲಸ ಮಾಡಿ ಬಂದವಳಾದ್ದರಿಂದ, ಓಣಿಯಲ್ಲಿ ರೀತಿ ರಿವಾಜಿನ ವಿಷಯಕ್ಕೆ ಅವಳ ಮಾತೇ ಕೊನೆ.

"ಏ ಭಾಗಣ್ಣ, ಮೆಹಮಾನಗ ಹೋಗು ಅನ್ನೋದು ಬೇಅದಬಿ. ನಮ್ಮ ನವಾಬಸಾಹೇಬರು ಒಬ್ಬರಿಗೂ ಅಂದವರಲ್ಲ. ಯಾರರೆ ಹೆಚ್ಚು ಹೊತ್ತು ಕುಂತ್ರ ಎಲಿ ಅಡಿಕಿ ಕೊಟ್ಟು ಕೈಗೆ ಅತ್ತರು ಹಚ್ಚತಿದ್ರು. ಅತ್ತರು ಬಂತಂದ್ರ ರುಖಸತ್ ಆತು, ಇನ್ನ ಹೊಂಡಬಹುದು ಅಂತ ತಿಳಕೊಂಡು ಮೆಹಮಾನ ತಾನ ಎದ್ದು ಸಲಾಮ ಮಾಡಿ ಹೋಗ್ತಿದ್ದ. ಇವನೂ ನಗ್ತಾನ, ಅವನೂ ನಗ್ತಾನ!"

ಭಾಗಣ್ಣನಿಗೆ ಕುರುಡನಿಗೆ ಕಣ್ಣು ಬಂದಂತಾಯಿತು. ಓಡಿದ, ಅತ್ತರಿನ ಉಸ್ಮಾನಸಾಬನ ಅಂಗಡಿಗೆ.

"ಮಾಮೂಲಿದು ಬ್ಯಾಡ. ದೊಡ್ಡವರ ಮನ್ಯಾಗ ಹಚ್ಚತಾರಲ್ಲ, ಅದು ಕೊಡು."

ಉಸ್ಮಾನಸಾಬ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಹೆಬ್ಬೆರಳಿನಷ್ಟು ಸೀಸೆಯನ್ನು ಮಗುವನ್ನು ಎತ್ತುವಂತೆ ಎತ್ತಿದ. "ಭಾಗಣ್ಣ ಸೇಠ, ಇದು ಗಂಡಸರೂ ಹಚ್ಚಬಹುದು, ಹೆಂಗಸರೂ ಹಚ್ಚಬಹುದು. ಇದಕ್ಕ ತನ್ನದಂತ ವಾಸನಿನೇ ಇಲ್ಲ. ಹಚ್ಚಿದವರ ದಿಲ್ ಹ್ಯಾಂಗದನೋ ಹಂಗ ಅರಳ್ತದ."

ಭಾಗಣ್ಣನ ಮಣಿಕಟ್ಟಿಗೆ ಒಂದು ಗೆರೆ ಎಳೆದ. ಇಬ್ಬರೂ ಮೂಸಿದರು. ನೆನೆದ ಸೆಣಬಿನ ಹಗ್ಗದ ವಾಸನೆ.

"ಹೊತ್ತು ಹೋದಂಗ ಅರಳ್ತದ" ಎಂದು ಉಸ್ಮಾನಸಾಬ ಬೇರೆ ಕಡೆ ನೋಡಿದ. ಬೆಲೆ ಕೇಳಿ ಭಾಗಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಆದರೂ ಮಗಳ ಮುಖ ನೆನೆದು ಕೊಟ್ಟ.

ಮನೆಗೆ ಬಂದವನೇ ಎಲೆ ಅಡಿಕೆ ತಟ್ಟೆ ಮುಂದಿಟ್ಟು, ಮಾವನ ಕೈ ಹಿಡಿದು ಅತ್ತರು ಹಚ್ಚಿದ. ಎದ್ದೇಳುತ್ತಾನೆಂದು ಉಸಿರು ಹಿಡಿದು ಕಾದ.

ಮಾವ ಕೈ ಮೂಸಿ ದಂಗಾದ. ಪಡಸಾಲೆಯ ತುಂಬ ಮೊದಲ ಮಳೆ ಬಿದ್ದ ನೆಲ, ಕೇದಗೆ, ಕಾಸಿದ ತುಪ್ಪ ಎಲ್ಲ ಕೂಡಿದಂಥ ಘಮಲು ಹರಡಿತು. ಒಳಗಿಂದ ಮರಿಲಿಂಗಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮಾವನ ಕಣ್ಣಲ್ಲಿ ನೀರು.

"ಅಳಿಯಪ್ಪ, ನನ್ನ ಮದುವ್ಯಾಗೂ ನನಗ ಯಾರೂ ಅತ್ತರು ಹಚ್ಚಿದ್ದಿಲ್ಲೋ! ಮರಿಲಿಂಗೀ, ಎಂಥಾ ಗಂಡನ ಕೈಯಾಗ ಕೊಟ್ಟೀನಿ ನೋಡವ್ವ ನಿನ್ನ!"

ಹಾಗೆಂದು ಕಾಲು ಮಡಚಿ ಇನ್ನೂ ಭದ್ರವಾಗಿ ಕೂತ.

ಭಾಗಣ್ಣ ಹೌಹಾರಿ ಹಿತ್ತಿಲಿಗೆ ಹಾರಿದ. "ಖಾಜಾಬಕ್ಕ, ಎದ್ದೇ ಇಲ್ಲಲ್ಲ!"

"ಬರೇ ಕೈಗೆ ಹಚ್ಚೀದೇನು? ಹಳ್ಳಿ ಮನಷ್ಯಾ, ತಿಳಿದಿಲ್ಲ. ಹತ್ತಿ ಉಂಡಿ ಅದ್ದಿ ಕಿವ್ಯಾಗ ಇಡು."

ಕಿವಿಯಲ್ಲಿ ಇಟ್ಟ. ಮಾವ ಆಗ ನಿಜವಾಗಿಯೂ ಎದ್ದ. ಭಾಗಣ್ಣನ ಎದೆ ಹಿಗ್ಗಿತು. ಆದರೆ ಮಾವ ಎದ್ದದ್ದು ಓಣಿಗೆ ಕಿವಿ ತೋರಿಸಲು. ತುಸು ಹೊತ್ತಿನಲ್ಲಿ ಅರ್ಧ ಓಣಿಯನ್ನು ಕರೆದುಕೊಂಡು ತಿರುಗಿ ಬಂದ. ಎಲ್ಲರೂ ಸಾಲಾಗಿ ನಿಂತು ಅವನ ಕಿವಿ ಮೂಸಿದರು. ದೇವರ ಮುಂದೆ ಮಂಗಳಾರತಿಗೆ ನಿಂತಂತಿತ್ತು. ಎದುರು ಮನೆಯ ಸುಗಲಮ್ಮ ಮೂಗು ಅರಳಿಸಿ, "ಎಣ್ಣಾ, ನಿನ್ನ ಅಳಿಯ ಇಷ್ಟು ಕೈಬಿಚ್ಚಿ ಅಂತ ನಮಗ ಗೊತ್ತೇ ಇದ್ದಿಲ್ಲ. ನಮಗ ಹಗ್ಗ ಅಳದ ಕೊಡೋದು ನೋಡಿ ಬ್ಯಾರೆನೇ ತಿಳಕೊಂಡಿದ್ವಿ" ಎಂದಳು. "ಇದು ಹೆಂಗಸರಿಗೂ ಆಗ್ತದೇನಪಾ ಭಾಗಣ್ಣ?"

ಬೇಡವೆನ್ನಲು ಬಾಯಿ ಬರಲಿಲ್ಲ. ಸುಗಲಮ್ಮನಿಗೂ ಒಂದು ಗೆರೆ, ಅವಳ ಸೊಸೆಗೂ ಒಂದು ಗೆರೆ. ಸೀಸೆಯ ಮಟ್ಟ ಇಳಿಯುತ್ತಿದ್ದಂತೆ ಭಾಗಣ್ಣನ ಮುಖದ ರಕ್ತವೂ ಇಳಿಯಿತು.

ಬಿಸಿಲು ವಾಲಿತು. ಯಾದಗಿರಿ ಮೋಟಾರು ಬರುವ ಹೊತ್ತಾಗುತ್ತ ಬಂತು. ಖಾಜಾಬೀಯೂ ಈಗ ಹಟಕ್ಕೆ ಬಿದ್ದಿದ್ದಳು. "ಕಡೀ ಮಾತು ಹೇಳ್ತೀನಿ ಕೇಳು. ಭಾಳ ಮೊಂಡ ಮೆಹಮಾನಗ ಸೀಸೆನೇ ಕೈಯಾಗ ಇಡತಿದ್ರು. ಇದಕ್ಕೂ ಏಳಲಿಲ್ಲಂದ್ರ ಅವ ಮನಷ್ಯಾನೇ ಅಲ್ಲ."

ಭಾಗಣ್ಣ ಹಲ್ಲು ಕಚ್ಚಿ ಸೀಸೆಯನ್ನು ಮಾವನ ಅಂಗೈಯಲ್ಲಿಟ್ಟ. ಮಾವ ಸೀಸೆಯನ್ನು ಕಣ್ಣಿಗೆ ಒತ್ತಿಕೊಂಡ. ಅದೇ ಹೊತ್ತಿಗೆ ಹಿತ್ತಿಲ ಬೇವಿನ ಮರದ ಜೇನುಗಳಿಗೂ ಘಮಲು ತಲುಪಿತ್ತು. ನಾಲ್ಕಾರು ಬಂದು ಮಾವನ ಕಿವಿಯ ಸುತ್ತ ಗುಂಯ್ ಎಂದವು.

"ಅಲ್ಲಾಡಬ್ಯಾಡ ಅಳಿಯಪ್ಪ, ಸುಮ್ನಿದ್ರ ಅವು ಏನೂ ಮಾಡಂಗಿಲ್ಲ" ಎಂದ ಮಾವ, ಕಲ್ಲಿನ ಬಸವಣ್ಣನಂತೆ ಕೂತು.

ಇಡೀ ದಿನದ ಸಿಟ್ಟನ್ನು ತಡೆದುಕೊಂಡಿದ್ದ ಭಾಗಣ್ಣನಿಗೆ ಸುಮ್ಮನಿರಲಾಗಲಿಲ್ಲ. ಹೆಗಲ ಮೇಲಿನ ವಲ್ಲಿ ತೆಗೆದು ಪಟಪಟ ಬೀಸಿದ. ಮಾವನನ್ನು ಬಿಟ್ಟು ಒಂದು ಜೇನು ನೆಟ್ಟಗೆ ಬಂದು ಅವನ ತುಟಿಗೇ ಕುಟುಕಿತು. ಮರಿಲಿಂಗಮ್ಮ ಸುಣ್ಣ ಹಚ್ಚುವಷ್ಟರಲ್ಲಿ ತುಟಿ ಮುಳ್ಳುಗಾಯಿ ಬದನೆಯಷ್ಟಾಗಿತ್ತು. "ನೀರು" ಎನ್ನಲು ಹೋದರೆ "ಬೂಬು" ಎಂದು ಕೇಳುತ್ತಿತ್ತು.

ಆಗಲೇ ಅಮರಪ್ಪನವರು ಬಂದರು. ಶೇರವಾನಿ, ರೂಮಿ ಟೋಪಿ, ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ. ಹಿಂದೆ ನಾಚಿಕೊಂಡ ಮಗ. ಭಾಗಣ್ಣ ಬಾಯಿಗೆ ವಲ್ಲಿ ಮುಚ್ಚಿಕೊಂಡು ಕೈ ಮುಗಿದ. ಮನೆಯ ಯಜಮಾನ ಮಾತಾಡುವಂತಿಲ್ಲ ಎಂದಮೇಲೆ ಹಿರಿಯನಾದ ಮಾವನೇ ಮುಂದೆ ಬಂದ.

ಭಾಗಣ್ಣ ಕಣ್ಣು ಮುಚ್ಚಿಕೊಂಡ. ಇನ್ನು ಎಂಟು ರೊಟ್ಟಿಯ ಸುದ್ದಿ ಬರುತ್ತದೆ!

ಆದರೆ ಮಾವ ಒಂದು ಕೆಟ್ಟ ಮಾತೂ ಆಡಲಿಲ್ಲ. "ಬರ್ರಿ, ಕುಂಡ್ರರಿ" ಎಂದು ಜಮಖಾನೆ ತೋರಿಸಿದ. ಎಲೆ ಅಡಿಕೆ ತಟ್ಟೆಯನ್ನು ಸರಿಸಿದ. ಆಮೇಲೆ ಅಂಗಿಯ ಜೇಬಿನಿಂದ ಸೀಸೆ ತೆಗೆದ.

"ಬೂ! ಬೂಬೂ!" ಎಂದು ಭಾಗಣ್ಣ ಎರಡೂ ಕೈ ಬೀಸಿದ.

"ತಿಳೀತೋ ಅಳಿಯಪ್ಪ, ಎರಡೂ ಕೈಗೆ ಹಚ್ಚತೀನಿ" ಎಂದು ಮಾವ, ಅಮರಪ್ಪನವರ ಎರಡೂ ಮಣಿಕಟ್ಟಿಗೆ ಅತ್ತರು ಬಳಿದುಬಿಟ್ಟ. "ಈ ಮನ್ಯಾಗ ಬೇಕಾದವರಿಗೆ ಮೊದಲ ಮರ್ಯಾದಿ ಇದೇ ನೋಡ್ರಿ!"

ಗೋಡೆಯಾಚೆ ಇಣುಕುತ್ತಿದ್ದ ಖಾಜಾಬೀ "ಯಾ ಅಲ್ಲಾ" ಎಂದು ಹಣೆ ಬಡಿದುಕೊಂಡಳು. ಅಮರಪ್ಪನವರು ತಮ್ಮ ಕೈಯನ್ನು ಒಮ್ಮೆ, ಮಾವನನ್ನು ಒಮ್ಮೆ ನೋಡಿ ಮೆಲ್ಲಗೆ ಎದ್ದರು.

"ವಾಹ್! ಕುಂತ ಜಾಗ ಇನ್ನಾ ಬೆಚ್ಚಗಾಗಿಲ್ಲ, ಆಗಲೇ ರುಖಸತ್! ಸಾಹೇಬರ ಮಗ್ಗಲಿಗೆ ನಿಂತು ಹಣ್ಣಾದಾಂವ ನಾ. ಅತ್ತರಿನ ಅರ್ಥ ನನಗ ಯಾರೂ ಕಲಿಸಬೇಕಿಲ್ರಿ. ಹುಡುಗಿ ತೋರಿಸೋ ಮನಸಿಲ್ಲಂದ್ರ ಯಾದಗಿರಿಗೇ ಒಂದು ಮಾತು ಹೇಳಿ ಕಳಿಸಬೇಕಿತ್ತು."

ಬಾಗಿ ಸಲಾಮು ಮಾಡಿ ಹೊರಟೇಬಿಟ್ಟರು. ಮಗ ಒಳಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ. ಅಲ್ಲಿ ಗೊಲ್ಲಾಳಮ್ಮ ಚುರುಮುರಿ ಸೂಸಲದ ತಟ್ಟೆ ಹಿಡಿದು, ಹೊಸ ಸೀರೆಯಲ್ಲಿ, ಕಣ್ಣು ಪಿಳುಕಿಸುತ್ತ ನಿಂತಿದ್ದಳು.

ಭಾಗಣ್ಣ ಕಂಬ ಹಿಡಿದು ಕುಸಿದ. ಮಾವನೂ ಬೆವೆತಿದ್ದ. ತಲೆ ತಗ್ಗಿಸಿ ಅಳಿಯನ ಪಕ್ಕಕ್ಕೆ ಸರಿದ.

"ಅಳಿಯಪ್ಪ, ಒಂದು ಖರೆ ಹೇಳ್ತೀನಿ. ಶಹಾಪುರದವರು ನನ್ನ ಬಾಯಿ ಸಲುವಾಗೇ ಹೋದ್ರು ಅಂತ ನನಗ ಗೊತ್ತದ. ಈ ಸಂಬಂಧರೆ ಕೂಡಲಿ ಅಂತ ಇವತ್ತ ಮುಂಜಾನಿ ಮೋಟಾರಿಗೆ ಊರಿಗೆ ಹೊಂಟಿದ್ದೆ. ಗಂಟೂ ಕಟ್ಟಿ ಕಂಬಳಿ ಕೆಳಗಿಟ್ಟಿದ್ದೆ. ಹೇಳಿದ್ರ ಮರಿಲಿಂಗಿ ಅಳ್ತಾಳಂತ ಹೇಳಿದ್ದಿಲ್ಲ. ಇನ್ನೇನು ಏಳಬೇಕು, ನೀ ಅತ್ತರು ಹಿಡಕೊಂಡು ಬಂದಿ! ಅತ್ತರಂದ್ರ ಹೋಗು ಅಂತ ಆ ದೊಡ್ಡವರಿಗೆ ಇರಬಹುದು, ನಮ್ಮಂಥವರಿಗೆ ಅದು ಪ್ರೀತಿನೇ. ಅಂಥಾ ಪ್ರೀತಿ ಬಿಟ್ಟು ಹ್ಯಾಂಗ ಹೋಗಲಿ?"

ಭಾಗಣ್ಣ ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡಿದ.

"ಇನ್ನ ನೀ ಚಿಂತಿ ಮಾಡಬ್ಯಾಡ. ನಮ್ಮ ಹುಡುಗಿಗೆ ವರ ಹುಡುಕಿ, ಅಕ್ಕಿಕಾಳು ಬೀಳೋ ತನಕ ನಾ ಈ ಪಡಸಾಲಿ ಬಿಟ್ಟು ಏಳಂಗಿಲ್ಲ."

"ಬೂ... ಬೂಬೂ... ಬೂ!" ಎಂದ ಭಾಗಣ್ಣ, ಎರಡೂ ಕೈ ಜೋಡಿಸಿ.

ಮಾವ ಅವನ ಬೆನ್ನು ಸವರಿದ. "ಆತೋ ಆತು. ಅಷ್ಟ್ಯಾಕ ಕೈ ಮುಗಿತಿ? ಇರ್ತೀನಂದೆನಲ್ಲ!"